ಅಟ್ಟಕ್ಕೆ ಹಾಕಿದರೆ ಆರುವ ನೋವಲ್ಲ

ಕೊಬ್ಬರಿ ಧಾರಣೆ ಕ್ವಿಂಟಲಿಗೆ ನೂರು ರೂಪಾಯಿ ಇಳಿದರೆ ಸಾಕು, ತಿಪಟೂರಿನ ಸುದ್ದಿ ಸಂಜೆ ಬಸ್ಸು ಹತ್ತಿ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೇರುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಮಾತ್ರ ಹೊಸಲು ದಾಟುವುದಿಲ್ಲ. ‘ಮಾನದ ಪ್ರಶ್ನೆ, ಸುಮ್ಮನಿರಿ’ ಅಂತಾರೆ ಹಿರಿಯರು. ಯಾರ ಮಾನ ಸ್ವಾಮಿ?

ನಮ್ಮ ಕಡೆ ಇಂಥದ್ದಿಲ್ಲ ಅನ್ನುವವರು ಕೇಂದ್ರ ಸರ್ಕಾರದ 2007ರ ಅಧ್ಯಯನ ನೋಡಲಿ. 13 ರಾಜ್ಯಗಳ 12,447 ಮಕ್ಕಳನ್ನು ಕೇಳಿದಾಗ ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಗಂಡುಮಕ್ಕಳೂ ಕಡಿಮೆಯಿರಲಿಲ್ಲ. ಅರ್ಧದಷ್ಟು ಮಂದಿ ದೌರ್ಜನ್ಯ ಮಾಡಿದವರು ಮಗುವಿಗೆ ಗೊತ್ತಿದ್ದವರೇ. ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ ನಿಜ. ಪಕ್ಕದ ಕೇರಳ, ಆಂಧ್ರ, ಮಹಾರಾಷ್ಟ್ರ, ಗೋವಾ ಇದ್ದವು. ನಮ್ಮ ತೋಟಕ್ಕೆ ಮಾತ್ರ ಬೇಲಿ ಭದ್ರವೇ?

ಕಾನೂನಿಗೇನೂ ಕೊರತೆಯಿಲ್ಲ. 2012ರ ನವೆಂಬರ್ 14ರಿಂದ ಪೋಕ್ಸೊ ಕಾಯ್ದೆ ಜಾರಿಯಲ್ಲಿದೆ. ಗೊತ್ತಿದ್ದೂ ದೂರು ಕೊಡದೆ ಮುಚ್ಚಿಹಾಕುವುದೂ ಅಪರಾಧ. ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಯೂನಿಫಾರಂ ಹಾಕುವಂತಿಲ್ಲ. ಪೊಲೀಸ್ ಕಾಗದ ತಂದರೇ ತುರ್ತು ಚಿಕಿತ್ಸೆ ಅಂತ ಆಸ್ಪತ್ರೆ ಹೇಳುವಂತಿಲ್ಲ. 2020ರ ನಿಯಮ ಹಾಗಿದೆ.

ಇದೆಲ್ಲ ಕೇಸಿನ ಮಾತಾಯಿತು. ಮಗುವಿನ ಮನಸ್ಸಿನ ಗತಿಯೇನು? ರಾತ್ರಿ ಬೆಚ್ಚಿಬೀಳುವ, ಹಾಸಿಗೆ ಒದ್ದೆ ಮಾಡುವ, ಶಾಲೆ ಬೇಡವೆನ್ನುವ ಮಗುವಿಗೆ ತಾಯತ ಕಟ್ಟಿಸಿದರೆ ಮುಗೀತೆ? ಆಟ, ಚಿತ್ರ, ಮಾತುಕತೆಯ ಮೂಲಕ ‘ತಪ್ಪು ನಿನ್ನದಲ್ಲ’ ಎಂದು ಮನಗಾಣಿಸುವ ಚಿಕಿತ್ಸೆ ಇದೆ. ತಾಯಿತಂದೆಗೂ ಸಲಹೆ ಬೇಕು. ಮನೆಯವರು ನಂಬಿದರೆ ಮಗು ಬೇಗ ಚೇತರಿಸಿಕೊಳ್ಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರಿಣತರಿದ್ದಾರೆ. ಅಲ್ಲಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ 2011ರಲ್ಲೇ ಇದಕ್ಕೆಂದು ಘಟಕ ಶುರುವಾಯಿತು.

ಆದರೆ ಒಂದು ಸಲ ಹೋಗಿಬಂದರೆ ಆಗುವ ಕೆಲಸವಲ್ಲ, ತಿಂಗಳುಗಟ್ಟಲೆ ಹೋಗಬೇಕು. ತಿಪಟೂರಿನಿಂದ ಬೆಂಗಳೂರು ಸುಮಾರು 140 ಕಿ.ಮೀ. 2023ರಲ್ಲಿ ‘ಶಕ್ತಿ’ ಬಂದ ಮೇಲೆ ತಾಯಿಗೆ ಸರ್ಕಾರಿ ಬಸ್ಸಿನ ಚಾರ್ಜು ಉಳೀತು, ಸರಿ. ಹೋದ ದಿನದ ಕೂಲಿ ಯಾರು ಕೊಡ್ತಾರೆ? ‘ಪ್ರತಿ ವಾರ ಎಲ್ಲಿಗೆ ಹೋಗ್ತೀಯಮ್ಮ’ ಅನ್ನುವ ಬೀದಿಗೆ ಏನು ಹೇಳಬೇಕು? ಎರಡು ಸಲ ಹೋದವರು ಮೂರನೇ ಸಲ ಹೋಗದಿದ್ದರೆ ಆಶ್ಚರ್ಯವಿಲ್ಲ.

ಹಾಗಾಗಿ ಚಿಕಿತ್ಸೆಯೇ ತಾಲ್ಲೂಕಿಗೆ ಬರಬೇಕು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆ ರಾಜ್ಯದಲ್ಲಿದೆ. ಅದೇ ದಿನ ಮಕ್ಕಳಿಗೊಂದು ಕೋಣೆ, ತರಬೇತಿ ಪಡೆದ ಒಬ್ಬ ಆಪ್ತಸಲಹೆಗಾರ್ತಿ ಇದ್ದರೆ ಸಾಕು. ಬಾಗಿಲಿಗೆ ಬೋರ್ಡು ಬೇಡ. ಚಿಕ್ಕ ಊರು, ಎಲ್ಲರೂ ಎಲ್ಲರಿಗೂ ಗೊತ್ತು. ಮೂರು ತಾಲ್ಲೂಕಿನ ಶಾಸಕರು ಕೊಬ್ಬರಿ ಬೆಂಬಲ ಬೆಲೆಗೆ ಕೂಗುವ ದನಿಯಲ್ಲಿ ಕಾಲು ಭಾಗ ಇದಕ್ಕೆ ಕೊಟ್ಟರೂ ಆದೀತು.

ತೆಂಗಿನಕಾಯಿ ವರ್ಷ ಅಟ್ಟದಲ್ಲಿದ್ದರೆ ಕೊಬ್ಬರಿಯಾಗುತ್ತೆ. ಮಗುವಿನ ನೋವನ್ನು ಅಟ್ಟಕ್ಕೆ ಹಾಕಿದರೆ ಒಳಗೇ ಕೊಳೆಯುತ್ತೆ. ಅಂಗಡಿಯವರೇ, ತಕ್ಕಡಿ ಪಕ್ಕದ ಗೋಡೆಗೆ ಒಂದು ನಂಬರು ಅಂಟಿಸಿ: ಮಕ್ಕಳ ಸಹಾಯವಾಣಿ 1098. ಕಾಸು ಬೀಳೋದಿಲ್ಲ.