ಕರೆಯದೆ ಬಂದ ಏಡಿಗೂ ಒಂದು ತೊಟ್ಟಿ

ಹವಳದ ತುದಿ ಯಾರೋ ಕಚ್ಚಿದಂತೆ ಮೊಂಡಾಗಿದೆ. ನಿನ್ನೆ ಗಾಜಿನ ಮೇಲೆ ಹರಿಯುತ್ತಿದ್ದ ಬಸವನಹುಳು ಇವತ್ತು ಬರೀ ಚಿಪ್ಪು. ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಇಂಥ ಹೊತ್ತಿನಲ್ಲಿ ಮೊದಲು ಅನುಮಾನ ಬರುವುದು ಏಡಿಯ ಮೇಲೆ. ಅದನ್ನು ಯಾರೂ ದುಡ್ಡು ಕೊಟ್ಟು ತಂದಿರುವುದಿಲ್ಲ. ನೀರಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ತುಂಬಿರುವ, ತೂತು ತೂತಾದ ‘ಲೈವ್ ರಾಕ್’ ಎಂಬ ಕಲ್ಲಿನ ಸಂದಿಯಲ್ಲಿ ಉಗುರಿನಷ್ಟು ಗಾತ್ರದಲ್ಲಿ ಅವಿತು ಬಂದಿರುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ ಸಮುದ್ರದಿಂದ ಸಹಜ ಕಲ್ಲು ಎತ್ತುವುದಕ್ಕೆ 1990ರ ದಶಕದ ಹೊತ್ತಿಗೆ ತಡೆ ಬಿತ್ತು. ಆಮೇಲೆ ಗುತ್ತಿಗೆ ಪಡೆದ ಸಮುದ್ರತಳದಲ್ಲಿ ಸುಣ್ಣಕಲ್ಲು ಹಾಸಿ, ಅದಕ್ಕೆ ಜೀವ ಹತ್ತುವವರೆಗೆ ಕಾದು, ತೆಗೆದು ಮಾರುವ ಒಂದು ಬಗೆಯ ಬೇಸಾಯವೇ ಬೆಳೆಯಿತು. ಅಂಥ ಕಲ್ಲಿನ ಮೇಲೆ ಸ್ಪಂಜು, ಪಾಚಿ, ಹುಳುಗಳಿದ್ದರೆ ಹವ್ಯಾಸಿಗೆ ಖುಷಿ. ಅದೇ ಕಲ್ಲಿನಿಂದ ಏಡಿ ಹೊರಬಂದರೆ ಮಾತ್ರ ಸಿಟ್ಟು. ಈ ಸಿಟ್ಟಿಗೆ ಅರ್ಥವಿಲ್ಲ. ಜೀವವಿರುವ ಕಲ್ಲು ಬೇಕೆಂದು ಕೇಳಿ ತಂದವರೇ ಅದರೊಳಗಿನ ಜೀವಕ್ಕೂ ಹೊಣೆ.

ಸಿಕ್ಕ ಏಡಿಯನ್ನು ಹೊಸಕಿ ಹಾಕುವವರಿದ್ದಾರೆ, ಕಮೋಡಿಗೆ ಸುರಿದು ನೀರು ಬಿಡುವವರಿದ್ದಾರೆ. ಅದಕ್ಕೇನು ನೋವು ಗೊತ್ತಾಗುತ್ತದೆ ಎಂಬ ಸಮಾಧಾನ ಬೇರೆ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್‌ವುಡ್ ಮತ್ತು ಸಂಗಡಿಗರು ತೀರದ ಏಡಿಗಳಿಗೆ ಎರಡು ಕತ್ತಲೆ ಗೂಡು ಕೊಟ್ಟು, ಒಂದರಲ್ಲಿ ಸಣ್ಣ ವಿದ್ಯುತ್ ಆಘಾತವಾಗುವಂತೆ ಮಾಡಿದ್ದರು. ಎರಡು ಮೂರು ಸಲ ಅನುಭವಿಸಿದ ಏಡಿಗಳಲ್ಲಿ ಹೆಚ್ಚಿನವು ಆ ಗೂಡನ್ನು ಬಿಟ್ಟು ಇನ್ನೊಂದನ್ನು ಹಿಡಿದವು. ಬ್ರಿಟನ್ 2022ರ ಪ್ರಾಣಿ ಕಲ್ಯಾಣ ಕಾನೂನಿನಲ್ಲಿ ಏಡಿ, ಸೀಗಡಿಗಳನ್ನೂ ಸಂವೇದನೆಯುಳ್ಳ ಪ್ರಾಣಿಗಳೆಂದು ಸೇರಿಸಿತು.

ಸಮುದ್ರಕ್ಕೆ ಬಿಟ್ಟುಬಿಟ್ಟರಾಯಿತು ಎನ್ನುವುದು ಇನ್ನೂ ಕೆಟ್ಟ ಯೋಚನೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಲಯನ್‌ಫಿಶ್ 1985ರಲ್ಲಿ ಫ್ಲಾರಿಡಾದ ಕಡಲಲ್ಲಿ ಕಾಣಿಸಿಕೊಂಡಿತು; ಅಕ್ವೇರಿಯಂ ಮೀನನ್ನು ಯಾರೋ ಬಿಟ್ಟಿದ್ದರಿಂದಲೇ ಬಂತೆಂದು ನಂಬಲಾಗಿದೆ. ಈಗ ಕೆರಿಬಿಯನ್ ಉದ್ದಗಲಕ್ಕೂ ಅದು ಅಲ್ಲಿನ ಮೀನುಮರಿಗಳನ್ನು ನುಂಗುತ್ತಿದೆ. ಏಡಿ ಸಾರಿನ ರುಚಿ ಬಲ್ಲ ನಮ್ಮ ಕರಾವಳಿಯವರು ಇಷ್ಟೆಲ್ಲ ಚರ್ಚೆ ಯಾಕೆ, ಮಸಾಲೆ ಅರೆಯಿರಿ ಎನ್ನಬಹುದು. ಅದೂ ಬೇಡ. ಕಲ್ಲಿನೊಂದಿಗೆ ಬರುವ ರೋಮದ ಏಡಿಗಳಲ್ಲಿ ಬಹಳಷ್ಟು ಕ್ಸಾಂಥಿಡ್ ಗುಂಪಿನವು. ಆ ಗುಂಪಿನ ಕೆಲವು ಜಾತಿಗಳ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಎಲ್ಲ ಏಡಿಯೂ ಕಳ್ಳನಲ್ಲ. ಹವಳದ ಕೊಂಬೆಗಳ ನಡುವೆ ಬದುಕುವ ಪುಟ್ಟ ಟ್ರಪೀಜಿಯಾ, ಹವಳ ತಿನ್ನಲು ಬರುವ ಮುಳ್ಳಿನ ನಕ್ಷತ್ರಮೀನನ್ನೇ ಚಿಮುಟಿ ಓಡಿಸುತ್ತದೆ. ಅದನ್ನು ಇದ್ದಲ್ಲೇ ಬಿಡಬೇಕು. ಮೈತುಂಬ ರೋಮ, ದಪ್ಪ ಕೊಂಡಿ, ಕೊಂಡಿಯ ತುದಿ ಕಪ್ಪಗಿದ್ದರೆ ಜಾಗ ಬದಲಿಸುವುದು ಒಳ್ಳೆಯದು. ಹಿಡಿಯಲು ಕಲ್ಲಿಗೆ ಓರೆಯಾಗಿ ಒಂದು ಗಾಜಿನ ಲೋಟ, ಒಳಗೆ ಸೀಗಡಿಯ ಚೂರು ಸಾಕು. ರಾತ್ರಿ ವಾಸನೆಗೆ ಬಂದು ಒಳಗಿಳಿದದ್ದು ನುಣುಪು ಗಾಜನ್ನು ಹತ್ತಲಾರದು.

ಅದಕ್ಕೆ ಬೇಕಾದ ಮನೆಯೂ ದುಬಾರಿಯಲ್ಲ. ಮೂವತ್ತು ನಲವತ್ತು ಲೀಟರಿನ ತೊಟ್ಟಿ, ಗಾಳಿ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್, ತೆಳುವಾಗಿ ಮರಳು. ಹವಳಕ್ಕೆ ಬೇಕಾಗುವ ದುಬಾರಿ ದೀಪ ಏಡಿಗೆ ಬೇಡವೇ ಬೇಡ. ದೊಡ್ಡ ತೊಟ್ಟಿಯಿಂದ ಒಂದೆರಡು ಕಲ್ಲು, ನೀರು ಬದಲಿಸುವಾಗ ಚೆಲ್ಲುವ ಅದೇ ನೀರು ಹಾಕಿದರೆ ಬ್ಯಾಕ್ಟೀರಿಯಾ ಕಲ್ಲಿನ ಜೊತೆಗೇ ಬಂದಾಯಿತು. ಆದರೂ ಮೊದಲ ವಾರಗಳಲ್ಲಿ ಅಮೋನಿಯಾ ಪರೀಕ್ಷಿಸುತ್ತಿರಬೇಕು. ನೀರಿನ ಸಾಂದ್ರತೆ 1.025ರ ಆಸುಪಾಸು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದು ಅಕ್ವೇರಿಯಂಗೆಂದೇ ಮಾರುವ ಸಮುದ್ರದ ಉಪ್ಪು. ಅಡುಗೆಮನೆಯ ಅಯೋಡೈಸ್ಡ್ ಉಪ್ಪಲ್ಲ.

ಹೊಸಬರು ಎಡವುವುದು ಇಲ್ಲೇ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಗಾಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಮಟ್ಟ ಇಳಿದಷ್ಟೂ ಸಿಹಿನೀರನ್ನೇ ತುಂಬಬೇಕು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಏಡಿಗೆ ವಿಷ. ಮುಚ್ಚಳ ಭದ್ರವಾಗಿರದಿದ್ದರೆ ಗಾಳಿಯ ಪೈಪು ಹಿಡಿದೇ ಹತ್ತಿ ಬಂದು, ಬೆಳಗ್ಗೆ ಸೋಫಾದ ಕೆಳಗೆ ಒಣಗಿ ಬಿದ್ದಿರುತ್ತದೆ. ಎರಡು ಏಡಿಯನ್ನು ಒಟ್ಟಿಗೆ ಹಾಕಿದರೆ ಸಾಮಾನ್ಯವಾಗಿ ಕೊನೆಗೆ ಉಳಿಯುವುದು ಒಂದೇ.

ಒಂದು ದಿನ ಏಡಿ ಸತ್ತು ಮಲಗಿದಂತೆ ಕಾಣುತ್ತದೆ. ಎತ್ತಿ ಎಸೆಯುವ ಮುನ್ನ ಹಿಂಬದಿ ನೋಡಬೇಕು. ಬೆನ್ನಿನ ಚಿಪ್ಪು ಹಿಂದಿನಿಂದ ತೆರೆದುಕೊಂಡು, ಕಾಲು, ಕೊಂಡಿ, ಕಣ್ಣಿನ ಹೊದಿಕೆ ಸಮೇತ ಒಳಗೆಲ್ಲ ಟೊಳ್ಳು. ಏಡಿ ಹಿಂದಕ್ಕೆ ಜಾರಿ ಹೊರಬಂದು, ಮೆತ್ತನೆಯ ಮೈ ಗಟ್ಟಿಯಾಗುವವರೆಗೆ ಕಲ್ಲಿನಡಿ ಅಡಗಿರುತ್ತದೆ. ಜಗಳದಲ್ಲಿ ಹೋಗಿದ್ದ ಕೊಂಡಿ ಪುಟ್ಟದಾಗಿ ಮರಳಿರುವುದೂ ಉಂಟು. ಕಳಚಿದ ಚಿಪ್ಪನ್ನು ಅಲ್ಲೇ ಬಿಟ್ಟರೆ ಸುಣ್ಣಕ್ಕಾಗಿ ತಾನೇ ತಿನ್ನುತ್ತದೆ.

ಹೊಣೆ ಮಾರುವವರದ್ದೂ ಹೌದು. ಕಲ್ಲನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು, ಏಡಿ ಹಿಡಿದು ಬೇರೆ ಮಾಡಿ ಕೊಡುವ ಅಂಗಡಿಗೆ ನಾಲ್ಕು ಕಾಸು ಹೆಚ್ಚು ಕೊಡಲು ಹವ್ಯಾಸಿಗಳು ಹಿಂಜರಿಯಬಾರದು. ಗಿರಾಕಿ ಹಿಡಿದು ತಂದ ಏಡಿಯನ್ನು ಬೇಡವೆನ್ನದೆ ವಾಪಸ್ ತೆಗೆದುಕೊಳ್ಳುವುದನ್ನು ಅಂಗಡಿಗಳೂ ವ್ಯಾಪಾರದ ಷರತ್ತೆಂದೇ ರಸೀದಿಯಲ್ಲಿ ಬರೆಯಲಿ.