ಹಿಂದೆ ಬೀಳುವ ಅಂಜಿಕೆಯೂ ಬೇಕು

‘ಪಕ್ಕದ ತೋಟದವರು ಮಾಡಿದರು, ನಾವೆಲ್ಲಿ ಹಿಂದೆ ಬಿದ್ದೆವೋ’ ಎಂಬ ಅಂಜಿಕೆ ನಮ್ಮ ಬೆಳೆಗಾರರಲ್ಲಿ ಹೆಚ್ಚೆಂಬ ಟೀಕೆಯುಂಟು. ಅದರಲ್ಲಿ ಸತ್ಯವಿಲ್ಲದಿಲ್ಲ. 2003ರ ಸುಮಾರಿಗೆ ವೆನಿಲ್ಲಾ ಧಾರಣೆ ಗಗನಕ್ಕೇರಿದಾಗ ಬಳ್ಳಿ ನೆಡಲು ಮುಗಿಬಿದ್ದವರು, ಧಾರಣೆ ನೆಲಕಚ್ಚಿದ ಮೇಲೆ ಪಟ್ಟ ಪಾಡು ಸದಸ್ಯರಿಗೆ ನೆನಪಿದೆ. ಆದರೂ ಈ ಅಂಜಿಕೆಯನ್ನು ಬೇರುಸಹಿತ ಕೀಳಬೇಕೆಂಬ ವಾದವನ್ನು ನಾನು ಒಪ್ಪಲಾರೆ.

ಧಾರಣೆಯ ಹಿಂದೆ ಓಡಿಸುವ ಅಂಜಿಕೆ ಬೇರೆ, ಕಾಲ ಮೀರೀತೆಂದು ಎಚ್ಚರಿಸುವ ಅಂಜಿಕೆ ಬೇರೆ. ಮೊದಲನೆಯದು ಮನೆ ಕೆಡಿಸೀತು. ಎರಡನೆಯದು ಬೆಳೆ ಉಳಿಸುತ್ತದೆ.

ಅಡಿಕೆಯ ಕೊಳೆರೋಗವನ್ನೇ ನೋಡಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗದ ಕುರಿತು 1910ರಲ್ಲೇ ಪ್ರಬಂಧ ಪ್ರಕಟಿಸಿದರು. ಅಂದಿನಿಂದ ಬೋರ್ಡೋ ದ್ರಾವಣವೇ ನಮಗೆ ಆಧಾರ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ಬಂದ ರೋಗವನ್ನು ವಾಸಿಮಾಡುವ ಮದ್ದಲ್ಲ, ಬಾರದಂತೆ ತಡೆಯುವ ಕವಚ. ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಗೊನೆಗೆ ಬಿದ್ದರೇ ಫಲ. ಕಾಯಿ ಉದುರಲು ತೊಡಗಿದ ಮೇಲೆ ಓಡಾಡುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮೇಲಾಗಿ ಮಳೆಗಾಳಿಯಲ್ಲಿ ಹರಡುವ ಈ ಸೋಂಕಿಗೆ ಬೇಲಿಯ ಲೆಕ್ಕವಿಲ್ಲ. ನೆರೆಯವನನ್ನು ನೋಡಿ ನಾವೂ ಹೊಡೆದರೆ ಇಬ್ಬರಿಗೂ ಲಾಭ.

ರೊಬಸ್ಟಾ ಕಾಫಿಯದ್ದೂ ಇದೇ ಕಥೆ. ಹೂಮಳೆ ಕೈಕೊಟ್ಟ ವರ್ಷ, ನೆರೆತೋಟದ ಪಂಪಿನ ಸದ್ದು ಕೇಳಿ ಸ್ಪ್ರಿಂಕ್ಲರ್ ಪೈಪು ಹೊರತೆಗೆದವನನ್ನು ಹೊಟ್ಟೆಕಿಚ್ಚಿನವನೆನ್ನಲಾದೀತೇ? ಹೊಸ ಪದ್ಧತಿಗಳನ್ನು ಕರಪತ್ರ ಓದಿ ಹಿಡಿದವರಿಗಿಂತ ಪಕ್ಕದ ತೋಟ ನೋಡಿ ಹಿಡಿದವರೇ ಹೆಚ್ಚೆಂದು ನನ್ನ ಎಣಿಕೆ.

ಆದರೆ ಒಂದು ಮಾತು. ನುರಿತ ಕೊನೆಗಾರರು ಇಂದು ವಿರಳ. ದೊಡ್ಡ ತೋಟದವರು ಮುಂಗಡ ಕೊಟ್ಟು ಅವರನ್ನು ಹಿಡಿದಿಟ್ಟರೆ ಅರ್ಧ ಎಕರೆಯವನ ಸರದಿ ಬರುವಷ್ಟರಲ್ಲಿ ಆಷಾಢ ಕಳೆದಿರುತ್ತದೆ. ಅವನ ಅಂಜಿಕೆ ಬರಿಯ ಭ್ರಮೆಯಲ್ಲ. ಅದಕ್ಕೆ ಧೈರ್ಯದ ಉಪದೇಶ ಮದ್ದಲ್ಲ, ಸರದಿಯ ಪಟ್ಟಿ ಮದ್ದು. ಹೋಬಳಿವಾರು ಕೊನೆಗಾರರ ಸರದಿಯನ್ನು ಸಂಘವೇ ಗೊತ್ತುಪಡಿಸಿ, ಸಣ್ಣ ಹಿಡುವಳಿದಾರರಿಗೆ ಮೊದಲ ದಿನಗಳನ್ನು ಮೀಸಲಿಟ್ಟು, ಸಿಂಪರಣೆ ಮುಗಿದ ತೋಟಗಳ ವಿವರವನ್ನು ವಾರವಾರ ಸೂಚನಾ ಫಲಕದಲ್ಲಿ ಹಾಕಬೇಕೆಂದು ನನ್ನ ಅಭಿಪ್ರಾಯ. ಆ ಫಲಕ ನೋಡಿ ನಾಲ್ವರಿಗೆ ಅಂಜಿಕೆ ಹುಟ್ಟಿದರೆ ಹುಟ್ಟಲಿ. ಅಂಜಿಕೆ ಮೇ ತಿಂಗಳಲ್ಲೇ ಬಂದರೆ ಶ್ರಾವಣದಲ್ಲಿ ಅಳುವುದು ತಪ್ಪುತ್ತದೆ.

ಸದಸ್ಯ ಬಾಂಧವರು ಮುಂದಿನ ಸಭೆಯಲ್ಲಿ ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ