ಧಕ್ಕೆಯ ಚಿತ್ರ ತೆಗೆಯುವವರಿಗೆ ನಾಲ್ಕು ಮಾತು

ನಮ್ಮ ಪುಣೆಗೆ ಸಮುದ್ರವಿಲ್ಲ. ಆದರೂ ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಸಮುದ್ರದ ಋಣವಿರುವ ಮನೆಗಳು ಕಡಮೆಯೇನಲ್ಲ. ಮಂಗಳೂರು, ಕುಮಟಾ, ಕಾರವಾರಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಹೊರಟ ಹಿರಿಯರಲ್ಲಿ ಎಷ್ಟೋ ಮಂದಿ ಆಗಬೋಟನ್ನು ಹತ್ತಿ ಮುಂಬಯಿ ಸೇರಿ, ಅಲ್ಲಿಂದ ಘಟ್ಟವೇರಿ ಇಲ್ಲಿಗೆ ಬಂದವರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ; ಅದಕ್ಕೆ ಮೊದಲು ಕರಾವಳಿಯವರಿಗೆ ಊರಿನ ಬಾಗಿಲೆಂದರೆ ಧಕ್ಕೆಯೇ. ನಾವು ಧಕ್ಕೆ ಎನ್ನುವುದನ್ನು ನೆರೆಯ ಮರಾಠಿಗರು ಧಕ್ಕಾ ಎನ್ನುತ್ತಾರೆ. ಮುಂಬಯಿಯ ಭಾವೂಚಾ ಧಕ್ಕಾದ ಹೆಸರನ್ನು ಕೇಳದವರಾರು?

ಹೀಗಿದ್ದೂ ನಮ್ಮ ಮನೆಗಳ ಆಲ್ಬಮ್ಮುಗಳನ್ನು ತಿರುವಿ ನೋಡಿದರೆ ಧಕ್ಕೆಯ ಚಿತ್ರ ಸಿಕ್ಕುವುದು ಅಪರೂಪ. ಮದುವೆಯ ಚಿತ್ರವಿದೆ, ಉಪನಯನದ ಚಿತ್ರವಿದೆ, ಪರದೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತ ಅಜ್ಜನ ಚಿತ್ರವಿದೆ. ಅಜ್ಜ ಪೆಟ್ಟಿಗೆ ಹೊತ್ತು ನಡೆದ ಹಲಗೆ ಯಾವುದು, ಅವನನ್ನು ಕಳುಹಿಸಿಕೊಡಲು ಬಂದವರು ನಿಂತ ಸ್ಥಳ ಯಾವುದು ಎಂದು ಮೊಮ್ಮಕ್ಕಳು ಕೇಳಿದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ.

ಈಗ ಕಾಲ ತಿರುಗಿದೆ. ನಮ್ಮ ಮಕ್ಕಳು ಆಸ್ಟ್ರೇಲಿಯಕ್ಕೂ ಹೋಗಿ ನೆಲೆಸುತ್ತಿದ್ದಾರೆ. ಪ್ರತಿಯೊಬ್ಬರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಆದುದರಿಂದ ಆ ದೇಶದ ಒಂದು ಧಕ್ಕೆಯ ಸಂಗತಿಯನ್ನು ಈ ಸಂಚಿಕೆಯಲ್ಲಿ ಹೇಳಬೇಕೆನಿಸಿದೆ. ಪರ್ತ್ ನಗರದಿಂದ ದಕ್ಷಿಣಕ್ಕೆ ಸುಮಾರು 220 ಕಿಲೋಮೀಟರು ದೂರದಲ್ಲಿ ಬಸಲ್ಟನ್ ಎಂಬ ಊರಿದೆ. ಅಲ್ಲಿಯ ಮರದ ಧಕ್ಕೆ ಸಮುದ್ರದೊಳಕ್ಕೆ 1,841 ಮೀಟರು ಚಾಚಿಕೊಂಡಿದೆ. ಮರದ ಕಂಬಗಳ ಮೇಲೆ ನಿಂತ ಧಕ್ಕೆಗಳಲ್ಲಿ ಇಷ್ಟು ಉದ್ದದ್ದು ಭೂಮಿಯ ದಕ್ಷಿಣಾರ್ಧದಲ್ಲಿ ಮತ್ತೊಂದಿಲ್ಲ. ತುದಿ ಮುಟ್ಟಿ ಹಿಂತಿರುಗಲು ಮೂರೂವರೆ ಕಿಲೋಮೀಟರಿಗೂ ಮಿಕ್ಕಿ ನಡೆಯಬೇಕು.

ಇಷ್ಟು ಉದ್ದವೇಕೆ? ಅಲ್ಲಿಯ ಕೊಲ್ಲಿ ಬಹಳ ಆಳವಿಲ್ಲದ್ದು. ಹಡಗು ದಡಕ್ಕೆ ಬರಲಾರದು. ಹಡಗು ಬರದಿದ್ದರೆ ದಡವೇ ಹಡಗಿನ ಬಳಿಗೆ ಹೋಗಬೇಕಷ್ಟೆ. 1865ರಲ್ಲಿ ಬಳಕೆಗೆ ಬಂದಾಗ ಧಕ್ಕೆಯ ಉದ್ದ ಇನ್ನೂರು ಮೀಟರೂ ಇರಲಿಲ್ಲ. ಮರಳು ಬಂದು ತುಂಬಿಕೊಂಡಂತೆಲ್ಲ ಧಕ್ಕೆಯನ್ನು ಮುಂದೆ ಮುಂದೆ ಬೆಳೆಸುತ್ತ ಹೋದರು. ಅದು ಈಗಿನ ಉದ್ದಕ್ಕೆ ಬಂದುದು ಸುಮಾರು ನೂರು ವರ್ಷಗಳ ಮೇಲೆ, 1960ರ ದಶಕದಲ್ಲಿ. ಕಾಡಿನ ಮರ ಅದರ ಮೇಲೆ ಹಾಸಿದ ರೈಲುಹಳಿಯಲ್ಲಿ ಬಂದು ಹಡಗೇರುತ್ತಿತ್ತು. 1972ರಲ್ಲಿ ಹಡಗಿನ ವ್ಯಾಪಾರ ನಿಂತಿತು. 1978ರ ಏಪ್ರಿಲಿನಲ್ಲಿ ಆಲ್ಬಿ ಎಂಬ ಚಂಡಮಾರುತ ದೊಡ್ಡದೊಂದು ಭಾಗವನ್ನು ಕಿತ್ತೊಯ್ದಿತು. 1999ರಲ್ಲಿ ತುದಿಯ ಕಡೆ ಬೆಂಕಿಯೂ ಬಿದ್ದಿತು.

ಉಪಯೋಗವಿಲ್ಲದ್ದನ್ನು ಕೆಡವಿಬಿಡುವುದು ಸುಲಭವಾಗಿತ್ತು. ಊರಿನವರು ಒಪ್ಪಲಿಲ್ಲ. ಕೂಡಿ ನಿಂತರು, ಹಣ ಕೂಡಿಸಿದರು, ಸರಕಾರದಿಂದಲೂ ಕೊಡಿಸಿದರು. 2011ರಲ್ಲಿ ಧಕ್ಕೆ ಹೊಸದಾಗಿ ರಿಪೇರಿಗೊಂಡು ಮತ್ತೆ ತೆರೆಯಿತು. ಈಗ ಅದರ ಮೇಲೆ ಪ್ರವಾಸಿಗರ ಪುಟ್ಟ ರೈಲು ಓಡುತ್ತದೆ. ತುದಿಯಲ್ಲಿ ಮೆಟ್ಟಿಲಿಳಿದು ಎಂಟು ಮೀಟರು ಆಳದಲ್ಲಿ ಗಾಜಿನ ಕಿಟಕಿಗಳಿಂದ ನೋಡಿದರೆ, ಹಳೆಯ ಕಂಬಗಳಿಗೆ ಹವಳ ಹತ್ತಿ ಬಣ್ಣಬಣ್ಣವಾಗಿ ಬೆಳೆದಿರುವುದು ಕಾಣುತ್ತದೆ.

ಇನ್ನು ಚಿತ್ರದ ಮಾತು. ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಮೊದಲು ತಿಳಿಯಬೇಕಾದದ್ದು ಸೂರ್ಯನ ವಿಷಯ. ನಮ್ಮ ಊರುಗಳಲ್ಲಿ ವರ್ಷದ ಹೆಚ್ಚಿನ ಕಾಲ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಅಲ್ಲಿ ಯಾವಾಗಲೂ ಉತ್ತರಕ್ಕೆ. ಧಕ್ಕೆ ಚಾಚಿರುವುದೂ ಉತ್ತರದ ಕಡೆಗೇ. ಮಧ್ಯಾಹ್ನ ದಡದಲ್ಲಿ ನಿಂತು ಚಿತ್ರ ತೆಗೆದರೆ ಬಿಸಿಲು ಕಣ್ಣಿಗೇ ಹೊಡೆದು ಮರವೆಲ್ಲ ಕಪ್ಪಾಗುತ್ತದೆ. ಬೆಳಿಗ್ಗೆ ಅಥವಾ ಸಂಜೆ ಹೋದರೆ ಓರೆಬಿಸಿಲು ಕಂಬಗಳ ಒಂದು ಮಗ್ಗುಲಿಗೆ ಬಿದ್ದು ಮರದ ಗೆರೆಗಳು ಎದ್ದು ಕಾಣುತ್ತವೆ. ಎರಡನೆಯದು, ಉದ್ದವನ್ನು ತೋರಿಸುವ ಬಗೆ. ಬರಿಯ ಧಕ್ಕೆಯ ಚಿತ್ರದಲ್ಲಿ ಉದ್ದ ತಿಳಿಯದು. ದೂರದಲ್ಲಿ ಒಬ್ಬ ಮನುಷ್ಯ ನಡೆಯುತ್ತಿರಬೇಕು. ಕಡ್ಡಿಯಷ್ಟಾಗಿ ಕಾಣುವ ಅವನಿಂದಲೇ ನೋಡುವವನಿಗೆ ಅಳತೆ ಸಿಕ್ಕುತ್ತದೆ. ಮೂರನೆಯದಾಗಿ, ಮರಳಿಗಿಳಿದು ಹಲಗೆಗಳ ಅಡಿಯಿಂದ ಒಮ್ಮೆ ನೋಡಿರಿ. ಮೇಲಿನಿಂದ ಅದು ದಾರಿ. ಕೆಳಗಿನಿಂದ ಸಾಲುಕಂಬಗಳ ಮಂಟಪ.

ಇದೆಲ್ಲ ಕೈಚಳಕದ ಮಾತಾಯಿತು. ನಾವು ಮುಖ್ಯವಾಗಿ ಹೇಳಬೇಕೆಂದದ್ದು ಬೇರೆ. ಹಳೆಯ ಧಕ್ಕೆಯ ಮುಂದೆ ನಿಂತವನಿಗೆ ಹಳತನ್ನು ಮಾತ್ರ ಚಿತ್ರಿಸಬೇಕೆಂಬ ಆಸೆ ಹುಟ್ಟುತ್ತದೆ. ಸವೆದ ಹಲಗೆ, ತುಕ್ಕು ಹಿಡಿದ ಮೊಳೆ ಇವು ಬೇಕು. ಪಕ್ಕದ ಹೊಸ ಹಲಗೆ ಬೇಡ. ಆದರೆ ನಿಜವಾದ ಕಥೆ ಇರುವುದು ಹೊಸ ಹಲಗೆ ಹಳೆಯದಕ್ಕೆ ಕೂಡಿದ ಜಾಗದಲ್ಲಿ. ಸಮುದ್ರದಲ್ಲಿ ಮರ ಸುಮ್ಮನೆ ಬಾಳುವುದಿಲ್ಲ. ಹುಳುವಿನಂತೆ ಕಂಡರೂ ಚಿಪ್ಪುಜೀವಿಗಳ ಜಾತಿಗೆ ಸೇರಿದ ಒಂದು ಪ್ರಾಣಿ ಒಳಗೊಳಗೇ ಕೊರೆದು ಹೊರಗೆ ಗುರುತೇ ಇಲ್ಲದಂತೆ ಕಂಬವನ್ನು ಟೊಳ್ಳು ಮಾಡುತ್ತದೆ. ನಮ್ಮ ಕರಾವಳಿಯವರು ದೋಣಿಗೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದುದು ಇಂಥ ಶತ್ರುವಿಗೆ ಹೆದರಿಯೇ. ನೂರೈವತ್ತು ವರ್ಷ ದಾಟಿದ ಮರದ ಧಕ್ಕೆ ನಿಂತಿದೆಯೆಂದರೆ, ಪ್ರತಿಯೊಂದು ತಲೆಮಾರೂ ತನ್ನ ಪಾಲಿನ ಹಲಗೆಯನ್ನು ಹಾಕಿದೆ ಎಂದೇ ಅರ್ಥ. ಪರವೂರಿನಲ್ಲಿ ಮನೆಮಾತನ್ನು ಉಳಿಸಿಕೊಂಡು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ಹಲಗೆ ಹಾಕುವವರು ಇಲ್ಲದೆ ಹೋದರೆ ಏನಾಗುತ್ತದೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಕೇರಳದ ಆಲಪ್ಪುಳದಲ್ಲಿ 1862ರಲ್ಲಿ ಕಟ್ಟಿದ ಕಡಲಸೇತುವೆಯಲ್ಲಿ ಉಳಿದಿರುವುದು ಹೆಚ್ಚಾಗಿ ತುಕ್ಕುಹಿಡಿದ ಕಬ್ಬಿಣದ ಕಂಬಗಳ ಸಾಲು. ಪುದುಚೇರಿಯ ಹಳೆಯ ಧಕ್ಕೆಯ ಒಂದು ಭಾಗ 2022ರ ಮಾರ್ಚಿನಲ್ಲಿ ಕುಸಿದು ನೀರುಪಾಲಾಯಿತು. ನಿನ್ನೆ ಅದರ ಚಿತ್ರ ತೆಗೆದವನಲ್ಲಿ ಚಿತ್ರವಿದೆ. ನಾಳೆ ತೆಗೆದರಾಯಿತು ಎಂದವನಿಗೆ ಅದು ತಪ್ಪಿತು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಬಸಲ್ಟನ್ನಿಗೆ ಹೋಗುವ ಯೋಗವಿದ್ದವರು ಹೋಗಿಬನ್ನಿರಿ. ಇಲ್ಲದವರು ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಯ ಹಳೆಯ ಧಕ್ಕೆಯನ್ನೋ ಕಾಲುಸಂಕವನ್ನೋ ದೋಣಿ ಕಟ್ಟುವ ಕಟ್ಟೆಯನ್ನೋ ಹುಡುಕಿಕೊಂಡು ಹೋಗಿ, ಒಂದು ಚಿತ್ರ ತೆಗೆಯಿರಿ. ಮನೆಯವರನ್ನು ಮುಂದೆ ನಿಲ್ಲಿಸುವುದಾದರೆ ಸ್ವಲ್ಪ ಬದಿಗೆ ನಿಲ್ಲಿಸಿ, ಹಿಂದಿನದೂ ಕಾಣುವಂತಿರಲಿ. ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿಗೆ ಸ್ಥಳ, ತಾರೀಖು, ನಿಂತವರ ಹೆಸರು ಇವನ್ನು ಕನ್ನಡದಲ್ಲಿ ಬರೆದಿಡಿ. ಬರೆಯುವ ಕೆಲಸ ಮಕ್ಕಳದಾದರೆ ಇನ್ನೂ ಒಳ್ಳೆಯದು.